ಏಡಿ ಟ್ಯಾಂಕ್ ಸೆಟ್: ಅಂಗಡಿಯವರು ಕಟ್ಟಿಕೊಡುವುದರಲ್ಲಿ ಯಾವುದು ಇರಲಿ, ಯಾವುದು ಬೇಡ

ರಸೆಲ್ ಮಾರ್ಕೆಟ್ ಸುತ್ತಲಿನ ಬೀದಿಗಳಿರಲಿ, ನಿಮ್ಮ ಬಡಾವಣೆಯ ಅಕ್ವೇರಿಯಂ ಅಂಗಡಿಯಿರಲಿ, ಬೆಂಗಳೂರಿನಲ್ಲಿ "ಏಡಿ ಸಾಕಬೇಕು, ಒಂದು ಸೆಟ್ ಮಾಡಿಕೊಡಿ" ಅಂದರೆ ಮೇಜಿನ ಮೇಲೆ ಬಂದು ಕೂರುವ ಸಾಮಾನು ಹೆಚ್ಚುಕಡಿಮೆ ಒಂದೇ. ಎರಡಡಿ ಗಾಜಿನ ಟ್ಯಾಂಕ್, ಅದರ ಮೇಲೊಂದು ಟಾಪ್ ಫಿಲ್ಟರ್, ಎಲ್‌ಇಡಿ ಲೈಟ್, ನೀಲಿ ಬಣ್ಣ ಬಳಿದ ಕಲ್ಲು, 'ಅಕ್ವೇರಿಯಂ ಸಾಲ್ಟ್' ಎಂದು ಬರೆದ ಪ್ಯಾಕೆಟ್, ಪಾಲಿಥಿನ್ ಕವರಿನ ನೀರಿನಲ್ಲಿ ಮೂರು ಕೆಂಪು ಇಕ್ಕಳದ ಏಡಿ. ಈ ಸೆಟ್ಟಿನ ಒಂದೊಂದು ಸಾಮಾನನ್ನೂ ಏಡಿಯ ಕಡೆಯಿಂದ ನೋಡಿ ಬರೆದ ವಿಮರ್ಶೆ ಇದು.

ತೀರ್ಪು ಮೊದಲೇ ಹೇಳಿಬಿಡಬಹುದು. ಟ್ಯಾಂಕ್ ಚೆನ್ನಾಗಿದೆ, ಲೈಟ್ ನಡೆಯುತ್ತದೆ. ಫಿಲ್ಟರ್, ಕಲ್ಲು, ಉಪ್ಪು ಮೂರೂ ಬೇಡ. ಸೆಟ್ಟಿನಲ್ಲಿ ಇಲ್ಲವೇ ಇಲ್ಲದ ಮೂರು ಸಾಮಾನು, ಅಂದರೆ ಭದ್ರವಾದ ಮುಚ್ಚಳ, ಹೀಟರ್ ಮತ್ತು ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್, ಬೇಕೇ ಬೇಕು. ಏಡಿಗಳನ್ನು ಮಾತ್ರ ಅದೇ ದಿನ ಮನೆಗೆ ತರಬೇಡಿ. ಕನಿಷ್ಠ ಒಂದು ತಿಂಗಳು ಕಾಯಬೇಕು.

ಇಷ್ಟು ಕಟ್ಟುನಿಟ್ಟು ಯಾಕೆ ಎಂದರೆ, ಕೆಂಪು ಇಕ್ಕಳದ 'ರೆಡ್ ಕ್ಲಾ' ಏಡಿಯಾಗಲಿ, ಒಂದೇ ದೊಡ್ಡ ಇಕ್ಕಳ ಬೀಸುವ 'ಫಿಡ್ಲರ್' ಏಡಿಯಾಗಲಿ ಸಿಹಿನೀರಿನ ಪ್ರಾಣಿಯಲ್ಲ. ನದಿ ಕಡಲು ಸೇರುವ ಅಳಿವೆಯಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ನಡುವಿನ ಕೆಸರಿನಲ್ಲಿ ಬಾಳುವ ಜೀವ ಇದು. ಕುಮಟೆಯ ಅಘನಾಶಿನಿ, ಕಾರವಾರದ ಕಾಳಿ, ಕುಂದಾಪುರದ ಹಿನ್ನೀರಿನ ಕಡೆ ಇಳಿತದ ಹೊತ್ತಿನಲ್ಲಿ ಕೆಸರಿನ ದಂಡೆ ನೋಡಿದವರಿಗೆ ಇದು ಗೊತ್ತು. ನೀರು ಇಳಿದಾಗ ಹೊರಗೆ ಬಂದು ಮೇಯುತ್ತದೆ, ಭರತ ಬಂದಾಗ ಬಿಲ ಸೇರುತ್ತದೆ. ಗಾಳಿಯೂ ಬೇಕು, ಉಪ್ಪುನೀರೂ ಬೇಕು. ಸಿಹಿನೀರು ತುಂಬಿದ ಟ್ಯಾಂಕಿನಲ್ಲಿ ಬಿಟ್ಟರೆ ಕೂಡಲೇ ಸಾಯುವುದಿಲ್ಲ, ಕೆಲವು ವಾರ ಓಡಾಡಿಕೊಂಡಿರುತ್ತದೆ. ಅದರಿಂದಲೇ "ಸಿಹಿನೀರಲ್ಲೂ ಇರತ್ತೆ ಸಾರ್" ಎಂಬ ಮಾತು ಅಂಗಡಿಗಳಲ್ಲಿ ನಿಂತುಬಿಟ್ಟಿದೆ. ನಿಜವಾಗಿ ಆಗುವುದು ಬೇರೆ. ಸಿಹಿನೀರಿನಲ್ಲಿ ಮೈಯೊಳಗಿನ ಲವಣ ಸೋರಿಹೋಗುತ್ತಲೇ ಇರುತ್ತದೆ, ಅದನ್ನು ಮರಳಿ ಎಳೆದುಕೊಳ್ಳಲು ಕಿವಿರುಗಳು ಹಗಲು ರಾತ್ರಿ ದುಡಿಯಬೇಕು. ಚಿಪ್ಪು ಕಳಚುವ ಸಮಯ ಬಂದಾಗ ಶಕ್ತಿಯೂ ಉಳಿದಿರುವುದಿಲ್ಲ, ನೀರಿನಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಕೂಡ ಇರುವುದಿಲ್ಲ. ಅರ್ಧ ಕಳಚಿದ ಚಿಪ್ಪಿನಲ್ಲೇ ಸಿಕ್ಕಿ ಸಾಯುತ್ತದೆ.

'ವ್ಯಾಂಪೈರ್' ಏಡಿ ಎಂದು ಮಾರುವ ಜಿಯೋಸೆಸಾರ್ಮಾ ಜಾತಿಯವು ಬೇರೆ. ಅವು ಸಿಹಿನೀರಿನ ತೇವದ ನೆಲದವು. ಅವಕ್ಕೆ ಕೆಳಗೆ ಹೇಳುವ ಉಪ್ಪುನೀರು ಹಾಕಿದರೆ ಅದೂ ಅನ್ಯಾಯವೇ. ಅಂಗಡಿಯಲ್ಲಿ ಯಾವ ಏಡಿ ಎಂದು ಖಚಿತ ಮಾಡಿಕೊಂಡೇ ಮುಂದುವರಿಯಿರಿ.

ಉಪ್ಪಿನ ಪ್ಯಾಕೆಟ್

ಸೆಟ್ಟಿನ ಅತಿ ದುರ್ಬಲ ಸಾಮಾನು ಇದೇ. 'ಅಕ್ವೇರಿಯಂ ಸಾಲ್ಟ್' ಎಂದು ಸಿಗುವುದು ಬಹುತೇಕ ಬರೀ ಸೋಡಿಯಂ ಕ್ಲೋರೈಡ್. ಸಿಹಿನೀರಿನ ಮೀನಿಗೆ ಕಾಯಿಲೆ ಬಂದಾಗ ಹಾಕುವ ಔಷಧಿ ಅದು, ಸಮುದ್ರದ ನೀರು ಮಾಡುವ ಉಪ್ಪಲ್ಲ. ಅಡುಗೆಮನೆಯ ಪುಡಿ ಉಪ್ಪು, ಕಲ್ಲುಪ್ಪು, ಸೈಂಧವ ಲವಣ ಯಾವುದೂ ಇದಕ್ಕೆ ಬದಲಿಯಾಗುವುದಿಲ್ಲ.

ಬೇಕಾಗಿರುವುದು 'ಮರೈನ್ ಸಾಲ್ಟ್', ಅಂದರೆ ಸಮುದ್ರದ ನೀರಿನ ಮುಖ್ಯ ಲವಣಗಳೆಲ್ಲ ಇರುವ ಉಪ್ಪು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಒಟ್ಟು ಲವಣ ಸುಮಾರು 35 ಗ್ರಾಂ. ಅದರಲ್ಲಿ ಕ್ಯಾಲ್ಸಿಯಂ 400 ಮಿಲಿಗ್ರಾಂಗಿಂತ ತುಸು ಹೆಚ್ಚು, ಮೆಗ್ನೀಸಿಯಂ 1300 ಮಿಲಿಗ್ರಾಂ ಹತ್ತಿರ. ಜೊತೆಗೆ ಪೊಟ್ಯಾಸಿಯಂ ಇದೆ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಹಿಡಿದು ನಿಲ್ಲಿಸುವ ಬೈಕಾರ್ಬೊನೇಟ್ ಇದೆ. ಅಳಿವೆಯ ಏಡಿಗೆ ಇಷ್ಟು ಗಟ್ಟಿ ನೀರು ಬೇಡ. 15 ಪಿಪಿಟಿ (ಸಾವಿರ ಪಾಲಿನಲ್ಲಿ 15 ಪಾಲು, ಲೀಟರಿಗೆ ಸುಮಾರು 15 ಗ್ರಾಂ ಲವಣ), ಅಂದರೆ ಸ್ಪೆಸಿಫಿಕ್ ಗ್ರ್ಯಾವಿಟಿ (ಸಿಹಿನೀರಿಗೆ ಹೋಲಿಸಿದ ತೂಕ) 1.011ರ ಆಸುಪಾಸು ಇಟ್ಟರೆ ರೆಡ್ ಕ್ಲಾ, ಫಿಡ್ಲರ್ ಎರಡಕ್ಕೂ ಒಗ್ಗುತ್ತದೆ. ಆ ಮಟ್ಟದಲ್ಲಿ ಕ್ಯಾಲ್ಸಿಯಂ ಲೀಟರಿಗೆ ಸುಮಾರು 175 ಮಿಲಿಗ್ರಾಂ, ಮೆಗ್ನೀಸಿಯಂ ಸುಮಾರು 550. ಚಿಪ್ಪು ಕಟ್ಟುವುದಕ್ಕೆ ಅಷ್ಟು ಸಾಕು.

ಬ್ರ್ಯಾಂಡಿನ ವಿಷಯ. ರೆಡ್ ಸೀ ಕಂಪನಿಯ ಉಪ್ಪು ಎರಡು ಬಗೆಯಲ್ಲಿ ಬರುತ್ತದೆ. ನೀಲಿ ಬಕೆಟ್ಟಿನದು ಸಾಮಾನ್ಯ ಉಪ್ಪು, ಕಪ್ಪು ಬಕೆಟ್ಟಿನ 'ಕೋರಲ್ ಪ್ರೊ' ಹವಳ ಬೆಳೆಸುವವರಿಗಾಗಿ ಕ್ಷಾರ ಹೆಚ್ಚಿಸಿದ್ದು. ಏಡಿಗೆ ನೀಲಿ ಬಕೆಟ್ಟೇ ಸಾಕು, ಕಪ್ಪಿಗೆ ಹೆಚ್ಚು ಹಣ ಕೊಟ್ಟು ಉಪಯೋಗವಿಲ್ಲ. ಇನ್‌ಸ್ಟಂಟ್ ಓಷನ್ ಕೂಡ ಒಳ್ಳೆಯದೇ. ಅದೇ ಕಂಪನಿಯ 'ರೀಫ್ ಕ್ರಿಸ್ಟಲ್ಸ್' ಮತ್ತೆ ಹವಳದವರ ಸಾಮಾನು. ದೊಡ್ಡ ಬಕೆಟ್ ಒಡೆದು ಅಂಗಡಿಯವರೇ ಕವರಿನಲ್ಲಿ ಕಟ್ಟಿ ಮಾರುವ ಬಿಡಿ ಉಪ್ಪಿನ ಬಗ್ಗೆ ಮಾತ್ರ ಹುಷಾರು. ಜೂನ್‌ನಿಂದ ಅಕ್ಟೋಬರ್‌ವರೆಗಿನ ಬೆಂಗಳೂರಿನ ತೇವಕ್ಕೆ ಉಪ್ಪು ನೀರು ಹೀರಿ ಗಡ್ಡೆ ಕಟ್ಟುತ್ತದೆ. ಗಡ್ಡೆ ಕಟ್ಟಿದ ಉಪ್ಪಿನಲ್ಲಿ ತೂಕದ ಒಂದು ಪಾಲು ಬರೀ ನೀರು, ಲೆಕ್ಕ ತಪ್ಪುತ್ತದೆ. ಕ್ಯಾಲ್ಸಿಯಂನ ಸ್ವಲ್ಪ ಭಾಗ ಸುಣ್ಣದಂತೆ ಗಟ್ಟಿಯಾಗಿ ಕರಗದೆ ತಳದಲ್ಲಿ ಕೂರುತ್ತದೆ.

"ಮರೈನ್ ಸಾಲ್ಟ್ ದುಬಾರಿ, ಏಡಿಗೆಲ್ಲ ಅದ್ಯಾಕೆ" ಎಂಬ ಮಾತಿಗೆ ಲೆಕ್ಕದಲ್ಲೇ ಉತ್ತರವಿದೆ. 24 ಇಂಚು ಉದ್ದ, 12 ಇಂಚು ಅಗಲದ ಟ್ಯಾಂಕಿನಲ್ಲಿ ಮೂರನೇ ಒಂದು ಭಾಗ ನೆಲ ಮಾಡಿ, ಉಳಿದ ಕಡೆ 4 ಇಂಚು ನೀರು ನಿಲ್ಲಿಸಿದರೆ ನೀರು ಹಿಡಿಯುವುದು 12-13 ಲೀಟರ್ ಮಾತ್ರ. ಲೀಟರಿಗೆ 16 ಗ್ರಾಂ ಲೆಕ್ಕದಲ್ಲಿ ಮೊದಲ ಸಲ ಬೇಕಾಗುವ ಉಪ್ಪು 200 ಗ್ರಾಂ. ವಾರಕ್ಕೆ 4 ಲೀಟರ್ ನೀರು ಬದಲಿಸಿದರೆ 64 ಗ್ರಾಂ. ವರ್ಷಕ್ಕೆ ಎಲ್ಲ ಸೇರಿ ಮೂರೂವರೆ ಕೆಜಿ. ನಾಲ್ಕು ಕೆಜಿಯ ಒಂದು ಪ್ಯಾಕ್ ವರ್ಷ ಪೂರ್ತಿ ಬರುತ್ತದೆ. ಒಂದು ಲೀಟರಿಗೆ 15 ಗ್ರಾಂ ಬದಲು 16 ಹಾಕುವುದು, ಪ್ಯಾಕಿನ ಉಪ್ಪಿನಲ್ಲೇ ತುಸು ತೇವ ಇರುವುದರಿಂದ.

ಕಲಸುವ ಕ್ರಮ ಹೀಗೆ: ಸೋಪು ಮುಟ್ಟದ ಬಕೆಟ್ಟಿನಲ್ಲಿ ಮೊದಲು ನೀರು, ಆಮೇಲೆ ಉಪ್ಪು. ಉಲ್ಟಾ ಮಾಡಬೇಡಿ. ಉಪ್ಪಿನ ಮೇಲೆ ನೀರು ಸುರಿದರೆ ತಳದ ಗಟ್ಟಿ ದ್ರಾವಣದಲ್ಲಿ ಸುಣ್ಣದಂಥ ಬಿಳಿ ಪುಡಿ ಕಟ್ಟಿಬಿಡುತ್ತದೆ, ಎಷ್ಟು ಕಲಕಿದರೂ ಕರಗುವುದಿಲ್ಲ. ಏರ್ ಸ್ಟೋನ್ (ಏರ್ ಪಂಪಿನ ಗಾಳಿಯನ್ನು ಗುಳ್ಳೆ ಮಾಡುವ ಕಲ್ಲು) ಬಿಟ್ಟು ಒಂದು ರಾತ್ರಿ ಗುಳುಗುಳು ಆಡಲಿ. ಮಾರನೇ ದಿನ ಅಳೆಯಿರಿ. ಚಮಚದ ಲೆಕ್ಕ ಬೇಡ, ತಕ್ಕಡಿಯಲ್ಲಿ ತೂಗಿ.

ಅಳೆಯುವ ಸಾಧನ

ಸೆಟ್ ಕೊಳ್ಳುವಾಗ ಹಲವು ಕಡೆ ಟಿಡಿಎಸ್ ಪೆನ್ (ನೀರಿನಲ್ಲಿ ಕರಗಿದ ಒಟ್ಟು ಲವಣ ತೋರಿಸುವ ಸಾಧನ) ಕೈಗಿಡುತ್ತಾರೆ. ಮನೆಯ ಆರ್‌ಒ ನೀರು ನೋಡುವುದಕ್ಕೆ ಅದು ಸರಿ. ಆದರೆ ಸಾಮಾನ್ಯ ಪೆನ್ನಿನ ಅಳತೆ 9990 ಪಿಪಿಎಂಗೆ, ಅಂದರೆ ಹತ್ತು ಪಿಪಿಟಿಯ ಹತ್ತಿರ ಮುಗಿದುಹೋಗುತ್ತದೆ, ನಮ್ಮ 15 ಪಿಪಿಟಿ ನೀರು ಅದನ್ನು ದಾಟಿದ್ದು. ಮುಳ್ಳು ಏಳುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಅಗ್ಗ. ಆದರೆ ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೂ ಓದು ಮೇಲೆ ಹೋಗುತ್ತದೆ, ಉಪ್ಪು ಕಟ್ಟಿದರೆ ಕೆಳಗೆ ಬರುತ್ತದೆ. ರಿಫ್ರ್ಯಾಕ್ಟೋಮೀಟರ್‌ಗೇ ಹಣ ಹಾಕಿ, 'ಎಟಿಸಿ' (ತಾಪಮಾನಕ್ಕೆ ತಕ್ಕಂತೆ ಓದನ್ನು ತಾನೇ ಸರಿಪಡಿಸಿಕೊಳ್ಳುವ ವ್ಯವಸ್ಥೆ) ಇರುವುದನ್ನು ನೋಡಿಕೊಳ್ಳಿ.

ಅಗ್ಗದ ರಿಫ್ರ್ಯಾಕ್ಟೋಮೀಟರ್‌ಗಳಲ್ಲಿ ಒಂದು ಐಬು ಇದೆ. ಹೆಚ್ಚಿನವು ಬರೀ ಉಪ್ಪುನೀರಿಗೆ, ಅಂದರೆ ಸೋಡಿಯಂ ಕ್ಲೋರೈಡ್ ದ್ರಾವಣಕ್ಕೆ ಗೆರೆ ಹಾಕಿದವು, ಸಮುದ್ರದ ನೀರಿಗಲ್ಲ. ಮೇಲಿನ ತುದಿಯಲ್ಲಿ ಒಂದೂವರೆ ಪಿಪಿಟಿಯಷ್ಟು ಹೆಚ್ಚು ತೋರಿಸುತ್ತವೆ. ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ 3.65 ಗ್ರಾಂ ಅಡುಗೆ ಉಪ್ಪು, 96.35 ಗ್ರಾಂ ಆರ್‌ಒ ನೀರು ತೂಗಿ ಕರಗಿಸಿ. ಈ ದ್ರಾವಣ ಬೆಳಕನ್ನು ಬಾಗಿಸುವುದು 35 ಪಿಪಿಟಿ ಸಮುದ್ರದ ನೀರು ಬಾಗಿಸುವಷ್ಟೇ. ಎರಡು ಹನಿ ಗಾಜಿನ ಮೇಲೆ ಬಿಟ್ಟು, ಮುಚ್ಚಳ ಇಳಿಸಿ, ಅರ್ಧ ನಿಮಿಷ ಬಿಟ್ಟು ನೋಡಿದರೆ ನೀಲಿ ಗೆರೆ 35ರ ಮೇಲೆ ನಿಲ್ಲಬೇಕು. ನಿಲ್ಲದಿದ್ದರೆ ಜೊತೆಗೆ ಕೊಟ್ಟ ಪುಟ್ಟ ಸ್ಕ್ರೂಡ್ರೈವರಿನಿಂದ ತಿರುಗಿಸಿ ಕೂರಿಸಿ. ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಅಗ್ಗದ ಸಾಧನವೂ ನಂಬಿಕೆಗೆ ಅರ್ಹವಾಗುತ್ತದೆ.

ನೀರು ಯಾವುದು

ನಲ್ಲಿಯಲ್ಲಿ ಬರುವ ಕಾವೇರಿ ನೀರಾದರೆ ಕ್ಲೋರಿನ್ ತೆಗೆಯಲು ಆಂಟಿ-ಕ್ಲೋರಿನ್ ಹನಿ ಹಾಕಿ ಬಳಸಬಹುದು. ಬಹಳಷ್ಟು ಅಪಾರ್ಟ್‌ಮೆಂಟುಗಳಲ್ಲಿ ಸಂಪಿನಲ್ಲಿ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಕಲೆತಿರುತ್ತವೆ, ವಾರದಿಂದ ವಾರಕ್ಕೆ ಗುಣ ಬದಲಾಗುತ್ತದೆ. ಬೋರ್‌ವೆಲ್ ನೀರಿಗೆ ನೈಟ್ರೇಟ್ ಟೆಸ್ಟ್ ಮಾಡದೆ ಕೈ ಹಾಕಬೇಡಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ನೈಟ್ರೇಟ್‌ಗೆ ಇಟ್ಟಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ಟ್ಯಾಂಕಿನಲ್ಲಿ ನಾವು 40ಕ್ಕಿಂತ ಕೆಳಗಿಡಲು ಒದ್ದಾಡುವಾಗ ಮೊದಲ ನೀರೇ ಅಷ್ಟಿದ್ದರೆ ಬದಲಿಸಿ ಫಲವಿಲ್ಲ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕದ 20 ಲೀಟರ್ ನೀರೇ ಎಲ್ಲಕ್ಕಿಂತ ಸುಲಭ.

ಮನೆಯ ವಾಟರ್ ಪ್ಯೂರಿಫೈಯರ್ ತಾಮ್ರ ಸೇರಿಸುವ ಮಾಡೆಲ್ ಆಗಿದ್ದರೆ ಆ ನೀರು ಏಡಿಗೆ ವಿಷ. ತಾಮ್ರದ ಬಿಂದಿಗೆಯಲ್ಲಿ ಇಟ್ಟ ನೀರಿಗೂ ಇದೇ ಮಾತು. ಏಡಿಯ ರಕ್ತದಲ್ಲೇ ತಾಮ್ರವಿದೆ, ಆಮ್ಲಜನಕ ಹೊರುವ ಕೆಲಸ ಅದರದೇ. ಆದರೆ ನೀರಿನಲ್ಲಿ ಕರಗಿದ ಬಿಡಿ ತಾಮ್ರ ಕಿವಿರನ್ನು ಹಾಳು ಮಾಡುತ್ತದೆ. ಮೀನಿನ ಬಿಳಿ ಚುಕ್ಕೆ ರೋಗಕ್ಕೆ ಮಾರುವ ಹಲವು ಔಷಧಿಗಳಲ್ಲೂ ತಾಮ್ರ ಇರುತ್ತದೆ. ಹಳೆಯ ಟ್ಯಾಂಕ್ ಕೊಳ್ಳುವುದಾದರೆ ಅಂಥ ಔಷಧಿ ಹಾಕಿದ್ದರೇ ಎಂದು ಕೇಳಿಯೇ ತನ್ನಿ.

ನೀರು ಆವಿಯಾದಾಗ ಹೋಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದ ಮಟ್ಟ ತುಂಬಿಸುವುದು ಯಾವಾಗಲೂ ಉಪ್ಪಿಲ್ಲದ ನೀರಿನಿಂದ. ಗಾಜಿನ ಹೊರಗೆ ನೀರಿನ ಮಟ್ಟಕ್ಕೆ ಒಂದು ತುಂಡು ಟೇಪ್ ಅಂಟಿಸಿ. ಫೆಬ್ರವರಿ, ಮಾರ್ಚ್, ಏಪ್ರಿಲ್‌ನ ಒಣ ಗಾಳಿಗೆ ಮಟ್ಟ ಬೇಗ ಇಳಿಯುತ್ತದೆ. 4 ಇಂಚಿನಲ್ಲಿ ಒಂದು ಇಂಚು ಇಳಿದರೆ 15 ಪಿಪಿಟಿ 20 ಆಗಿರುತ್ತದೆ.

ಕಲ್ಲು ಮತ್ತು ಮರಳು

ಬಣ್ಣದ ಕಲ್ಲನ್ನು ಅಂಗಡಿಯಲ್ಲೇ ವಾಪಸ್ ಕೊಡಿ. ಉಪ್ಪುನೀರಿಗೆ ಬಣ್ಣ ಸಿಪ್ಪೆ ಏಳುವುದು ಒಂದು ತೊಂದರೆ. ದೊಡ್ಡ ತೊಂದರೆ ಏಡಿಯ ಊಟದ್ದು. ಫಿಡ್ಲರ್ ಮೇಯುವುದನ್ನು ಹತ್ತಿರದಿಂದ ನೋಡಿ: ಚಿಕ್ಕ ಇಕ್ಕಳದಿಂದ ಒಂದು ಚಿಟಿಕೆ ಮರಳು ಎತ್ತಿ ಬಾಯಿಗೆ ಇಡುತ್ತದೆ, ಬಾಯಿಯ ಕೂದಲುಗಳಲ್ಲಿ ಮರಳನ್ನು ತೊಳೆದು ಅಂಟಿದ ಪಾಚಿ ತಿನ್ನುತ್ತದೆ, ಉಳಿದ ಮರಳನ್ನು ಸಾಸಿವೆ ಗಾತ್ರದ ಉಂಡೆ ಮಾಡಿ ಪಕ್ಕಕ್ಕೆ ಹಾಕುತ್ತದೆ. ಸಂಜೆಗೆ ಬಿಲದ ಸುತ್ತ ಉಂಡೆಗಳ ಸಾಲೇ ಇರುತ್ತದೆ. ಜೋಳದ ಕಾಳಿನಷ್ಟು ದಪ್ಪದ ಕಲ್ಲಿನಲ್ಲಿ ಇದು ಯಾವುದೂ ನಡೆಯುವುದಿಲ್ಲ, ಬಿಲವೂ ನಿಲ್ಲುವುದಿಲ್ಲ.

ಎಂ-ಸ್ಯಾಂಡ್ ಬೇಡ. ಗ್ರಾನೈಟ್ ಒಡೆದ ಪುಡಿ ಅದು, ಅಂಚು ಚೂಪು, ದೂಳು ಎಷ್ಟು ತೊಳೆದರೂ ಮುಗಿಯುವುದಿಲ್ಲ. ನಯವಾದ ಮರಳನ್ನು ಹಿಟ್ಟಿನ ಜರಡಿಯಲ್ಲಿ ಆಡಿಸಿ, ನೀರು ತಿಳಿಯಾಗುವವರೆಗೆ ತೊಳೆದು ಬಳಸಿ. ಅದಕ್ಕೆ ಕೋಳಿ ಮೇವಿಗೆ ಮಾರುವ ಚಿಪ್ಪಿನ ಪುಡಿ ಹತ್ತಕ್ಕೊಂದು ಪಾಲು ಬೆರೆಸಿದರೆ ಪಿಎಚ್ ಇಳಿಯದಂತೆ ಕಾಯುತ್ತದೆ. 7.8ರಿಂದ 8.3ರೊಳಗೆ ಇದ್ದರೆ ಸರಿ.

ನೆಲ ಮಾಡುವ ವಿಧಾನ: ಟ್ಯಾಂಕಿನ ಒಂದು ತುದಿಯಿಂದ 8 ಇಂಚು ಒಳಗೆ 6 ಇಂಚು ಎತ್ತರದ ಗಾಜಿನ ಪಟ್ಟಿ ನಿಲ್ಲಿಸಿ ಸಿಲಿಕೋನ್ ಹಾಕಿಸಿ. ಟ್ಯಾಂಕ್ ಅಂಟಿಸುವವರೇ ಮಾಡಿಕೊಡುತ್ತಾರೆ. ತಳದಲ್ಲಿ 3 ಮಿಲಿಮೀಟರ್ ಸಂದು ಬಿಟ್ಟು ಅಲ್ಲಿ ಫಿಲ್ಟರ್ ಸ್ಪಾಂಜ್ ತುರುಕಿಸಿ. ಪಟ್ಟಿಯ ಹಿಂದೆ 6 ಇಂಚು ಮರಳು, ಸುಮಾರು 15 ಕೆಜಿ ಹಿಡಿಯುತ್ತದೆ. ಸಂದಿನಿಂದ ನೀರು ಒಳಗೆ ಬಂದು ಕೆಳಗಿನ 4 ಇಂಚು ನೆನೆದಿರುತ್ತದೆ, ಮೇಲಿನ 2 ಇಂಚು ಬರೀ ತೇವ. ಮೇಲಿನ ಮರಳನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ನೀರಿನ ಬದಿಯಿಂದ ಪಟ್ಟಿಯ ಮೇಲಕ್ಕೆ ಹತ್ತಲು ಒರಟು ಕಲ್ಲುಗಳ ಮೆಟ್ಟಿಲು ಕಟ್ಟಿ, ಅಲುಗಾಡದಂತೆ ಅದನ್ನೂ ಸಿಲಿಕೋನ್‌ನಿಂದ ಹಿಡಿಸಿ. ಬಾತ್‌ರೂಮಿಗೆ ಹಾಕುವ ಬೂಷ್ಟು ನಿರೋಧಕ ಸಿಲಿಕೋನ್ ಬೇಡವೇ ಬೇಡ, ಅದರಲ್ಲಿ ಶಿಲೀಂಧ್ರನಾಶಕ ಇರುತ್ತದೆ. ಅಕ್ವೇರಿಯಂ ಸಿಲಿಕೋನ್ ಎಂದೇ ಕೇಳಿ.

ಫಿಲ್ಟರ್, ಹೀಟರ್, ಲೈಟ್

ಟಾಪ್ ಫಿಲ್ಟರ್ ತುಂಬಿದ ಟ್ಯಾಂಕಿಗೆ ಮಾಡಿದ್ದು. 4 ಇಂಚು ನೀರಿನಲ್ಲಿ ಅದರ ಮೋಟರ್ ಗಾಳಿ ಎಳೆದು ಗರಗರ ಎನ್ನುತ್ತದೆ. ಮೇಲಿಂದ ಬೀಳುವ ನೀರು ಎಲ್ಲೆಡೆ ಉಪ್ಪು ಎರಚುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಡಬ್ಬ ಮೇಲೆ ಕೂತಿದ್ದರೆ ಮುಚ್ಚಳ ಪೂರ್ತಿ ಮುಚ್ಚುವುದಿಲ್ಲ. ಬದಲಿಗೆ ಗಿಡ್ಡ ಸ್ಪಾಂಜ್ ಫಿಲ್ಟರ್ ಮತ್ತು ಏರ್ ಪಂಪ್ ತೆಗೆದುಕೊಳ್ಳಿ. ಪಂಪಿನ ಕೊಳವೆಗೆ ನಾನ್-ರಿಟರ್ನ್ ವಾಲ್ವ್ ಹಾಕಿ, ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಹಿಂದಕ್ಕೆ ಹರಿದು ಪಂಪಿಗೆ ಹೋಗುತ್ತದೆ. ಸ್ಪಾಂಜನ್ನು ಎರಡು ವಾರಕ್ಕೊಮ್ಮೆ, ಬದಲಿಸಲು ತೆಗೆದ ಹಳೆಯ ಟ್ಯಾಂಕ್ ನೀರಿನಲ್ಲೇ ಹಿಂಡಿ. ನಲ್ಲಿ ನೀರಿನಲ್ಲಿ ತೊಳೆದರೆ ಕ್ಲೋರಿನ್ ತಗುಲಿ, ಏಡಿಯ ಹೊಲಸಿನಿಂದ ಹುಟ್ಟುವ ವಿಷವಾದ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಸಾಯುತ್ತವೆ.

ಆ ಬ್ಯಾಕ್ಟೀರಿಯಾ ನೆಲೆಗೊಳ್ಳಲು 4ರಿಂದ 6 ವಾರ ಬೇಕು. ಏಡಿಗೆ ಒಂದು ತಿಂಗಳು ಕಾಯಿರಿ ಎಂದಿದ್ದು ಅದಕ್ಕೇ. 15 ಪಿಪಿಟಿ ನೀರು ತುಂಬಿಸಿ, ಫಿಲ್ಟರ್ ಓಡಿಸಿ, ಒಂದು ಸಣ್ಣ ಸೀಗಡಿ ತುಂಡು ಹಾಕಿ ಕೊಳೆಯಲು ಬಿಡಿ. ಮೊದಲು ಅಮೋನಿಯಾ ಏರುತ್ತದೆ, ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುವುದರಿಂದ ಆಮೇಲೆ ನೈಟ್ರೈಟ್ ಏರುತ್ತದೆ, ಕೊನೆಗೆ ಅದೂ ನೈಟ್ರೇಟ್ ಆಗುತ್ತದೆ. ಎರಡೂ ಸೊನ್ನೆಗೆ ಇಳಿದು ನೈಟ್ರೇಟ್ ಮಾತ್ರ ಕಾಣಿಸಿದಾಗ ಟ್ಯಾಂಕ್ ತಯಾರು. ಈ ಪಿಎಚ್‌ನಲ್ಲಿ ಅಮೋನಿಯಾದ ವಿಷ ಸಿಹಿನೀರಿಗಿಂತ ಜಾಸ್ತಿ, ಹಾಗಾಗಿ "ಎರಡು ಏಡಿಯಲ್ವಾ, ಏನಾಗತ್ತೆ" ಎಂದು ಆತುರ ಪಡಬೇಡಿ. ಹನಿ ಹಾಕಿ ಬಣ್ಣ ನೋಡುವ ದ್ರವದ ಟೆಸ್ಟ್ ಕಿಟ್ಟೇ ತೆಗೆದುಕೊಳ್ಳಿ. ಅವಧಿ ಮುಗಿದಿಲ್ಲವೇ ಎಂದು ಪ್ಯಾಕಿನ ಮೇಲೆ ನೋಡಿಕೊಳ್ಳಿ.

"ಬೆಂಗಳೂರಿಗೆ ಹೀಟರ್ ಯಾಕೆ" ಎಂದು ಅಂಗಡಿಯವರು ಹೇಳುವುದು ಗಪ್ಪಿ, ಗೋಲ್ಡ್‌ಫಿಶ್‌ಗೆ ಸರಿ. ಕರಾವಳಿಯ ಏಡಿಗೆ 24ರಿಂದ 28 ಡಿಗ್ರಿ ಬೇಕು. ಡಿಸೆಂಬರ್, ಜನವರಿಯ ರಾತ್ರಿ ಹೊರಗೆ 15-16 ಡಿಗ್ರಿಗೆ ಬಂದಾಗ 12 ಲೀಟರ್ ನೀರು ಬೇಗ ತಣ್ಣಗಾಗುತ್ತದೆ. ಏಡಿ ಊಟ ಬಿಟ್ಟು ಮೂಲೆ ಸೇರುತ್ತದೆ. 50 ವಾಟ್‌ನ ಹೀಟರ್ ಸಾಕು. ಗಾಜಿನ ಹೀಟರನ್ನು ಅಡ್ಡ ಮಲಗಿಸಿ, ತಳದಿಂದ ಒಂದು ಇಂಚು ಮೇಲೆ, ಪೂರ್ತಿ ನೀರೊಳಗೆ ಇರುವಂತೆ ಹಿಡಿಸಿ. ನೀರಿನ ಮಟ್ಟ ಇಳಿದು ಅರ್ಧ ಹೊರಗೆ ಬಂದರೆ ಆ ಭಾಗ ಕಾದು, ನೀರು ಸುರಿದ ಕೂಡಲೇ ಗಾಜು ಸೀಳುತ್ತದೆ. ನೀರು ಬದಲಿಸುವಾಗ ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟೇ ಕೈ ಹಾಕಿ. ಏಡಿಗಳು ಹೀಟರ್ ಮೇಲೆ ಹೋಗಿ ಕೂರುವುದರಿಂದ ಪ್ಲಾಸ್ಟಿಕ್ ಗಾರ್ಡ್ ಇರುವ ಮಾಡೆಲ್ಲನ್ನೇ ಕೇಳಿ. ಒಳಗಿನ ಥರ್ಮೋಸ್ಟ್ಯಾಟ್ ಒಂದೆರಡು ಡಿಗ್ರಿ ಆಚೀಚೆ ಇರುವುದು ಸಾಮಾನ್ಯ. ಹೆಚ್ಚು ನಿಖರ ಬೇಕೆಂದರೆ ಎಸ್‌ಪಿ ರೋಡಿನಲ್ಲಿ ಎಸ್‌ಟಿಸಿ-1000 ಎಂಬ ತಾಪಮಾನ ಕಂಟ್ರೋಲರ್ ಕೇಳಿ ತಂದು, ವೈರಿಂಗ್ ತಿಳಿದವರಿಂದ ಡಬ್ಬದಲ್ಲಿ ಕೂರಿಸಿಕೊಳ್ಳಿ.

ಎಲ್ಲ ವೈರುಗಳೂ ಪ್ಲಗ್ಗಿಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಜೋತು ಬಿದ್ದು ಮೇಲೆ ಹೋಗಲಿ. ವೈರಿನ ಮೇಲೆ ಹರಿದ ಉಪ್ಪುನೀರು ಆ ಬಗ್ಗಿನಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಲೈಟ್ ಬಗ್ಗೆ ಹೇಳುವುದು ಕಡಿಮೆ. ಕಬ್ಬಿಣದ ಕ್ಲಿಪ್ ಇದ್ದರೆ ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್ಕಿನದು ನೋಡಿ.

ಮುಚ್ಚಳ

ಏಡಿ ಕಳೆದುಹೋಗುವುದು ಇಲ್ಲೇ. ನುಣ್ಣನೆಯ ಗಾಜು ಹತ್ತಲು ಅವಕ್ಕೆ ಆಗುವುದಿಲ್ಲ. ಏರ್ ಪಂಪಿನ ಕೊಳವೆ, ಹೀಟರ್ ವೈರು, ಮೂಲೆಯ ಸಿಲಿಕೋನ್ ಹಿಡಿದು ಸಲೀಸಾಗಿ ಏರುತ್ತವೆ. ಬೆರಳು ತೂರುವಷ್ಟು ಸಂದು ಸಾಕು, ರಾತ್ರಿ ಹೊರಗೆ ಬಂದು ಬೆಳಗಾಗುವಷ್ಟರಲ್ಲಿ ಸೋಫಾ ಕೆಳಗೆ ಒಣಗಿರುತ್ತವೆ. 5 ಮಿಲಿಮೀಟರ್ ಗಾಜಿನ ಮುಚ್ಚಳ ಕತ್ತರಿಸಿ, ವೈರು ಹೋಗುವ ಮೂಲೆಯ ಕಿಂಡಿಗೆ ಸ್ಪಾಂಜ್ ಬಿಗಿಯಾಗಿ ತುರುಕಿಸಿ. ಗಾಳಿಗೆ ಒಂದು ಕಡೆ ಎರಡು ಇಂಚಿನ ಪಟ್ಟಿಯಷ್ಟು ಜಾಗದಲ್ಲಿ ನೈಲಾನ್ ಸೊಳ್ಳೆ ಪರದೆಯ ಬಲೆ ಅಂಟಿಸಿ. ಕಬ್ಬಿಣದ್ದಿರಲಿ, ಸ್ಟೀಲ್ ಬಲೆಯೂ ಉಪ್ಪಿನ ಹಬೆಗೆ ತುಕ್ಕಾಗುತ್ತದೆ. ಮುಚ್ಚಳ ಇದ್ದರೆ ಒಳಗಿನ ಗಾಳಿಯೂ ತೇವವಾಗಿರುತ್ತದೆ, ಅದೂ ಅಷ್ಟೇ ಅಗತ್ಯ. ನೆಲದ ಮೇಲಿದ್ದಾಗ ಏಡಿ ಉಸಿರಾಡುವುದು ಕಿವಿರಿನ ಕೋಣೆಯಲ್ಲಿ ಹೊತ್ತು ತಂದ ನೀರಿನಿಂದ. ರೆಡ್ ಕ್ಲಾ ಜಾತಿಯ ಏಡಿಯ ಮುಖ ಹತ್ತಿರದಿಂದ ನೋಡಿದರೆ ಬಾಯಿಯ ಎರಡೂ ಬದಿ ಜಾಲರಿಯಂಥ ಸಣ್ಣ ಕೂದಲಿನ ಹೆಣಿಗೆ ಕಾಣುತ್ತದೆ. ಬಾಯಿಯಿಂದ ಹೊರಬಂದ ನೀರು ಆ ಜಾಲರಿಯ ಮೇಲೆ ತೆಳ್ಳಗೆ ಹರಡಿ ಗಾಳಿಯಿಂದ ಆಮ್ಲಜನಕ ಹೀರಿ, ಕಾಲಿನ ಬುಡದಿಂದ ಮತ್ತೆ ಒಳಗೆ ಹೋಗುತ್ತದೆ. ಒಣ ಗಾಳಿಯಲ್ಲಿ ಆ ನೀರೇ ಆರಿಹೋಗುತ್ತದೆ.

ಸೊಳ್ಳೆ ಬತ್ತಿ, ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆ ಲಿಕ್ವಿಡ್, ಜಿರಳೆ ಚಾಕ್, ಸ್ಪ್ರೇ ಇವುಗಳಲ್ಲಿ ಇರುವುದು ಹೆಚ್ಚಾಗಿ ಪೈರಿಥ್ರಾಯ್ಡ್ ಗುಂಪಿನ ವಿಷ. ಜಿರಳೆಗೆ ಎಷ್ಟು ಮಾರಕವೋ ಏಡಿಗೂ ಅಷ್ಟೇ, ಎರಡೂ ಸಂಧಿಪದಿಗಳೇ. ಏರ್ ಪಂಪ್ ಕೋಣೆಯ ಗಾಳಿಯನ್ನು ಎಳೆದು ನೇರ ನೀರಿಗೆ ಬಿಡುತ್ತದೆ ಎಂಬುದು ನೆನಪಿರಲಿ. ಆ ಕೋಣೆಯಲ್ಲಿ ಇದ್ಯಾವುದೂ ಬೇಡ, ಕಿಟಕಿಗೆ ಜಾಲರಿ ಹಾಕಿಸಿ.

ಊಟ ಮತ್ತು ಚಿಪ್ಪು ಕಳಚುವುದು

ಊಟಕ್ಕೆ ತೊಂದರೆ ಇಲ್ಲ. ಮುಳುಗುವ ಪೆಲೆಟ್, ಸ್ಪೈರುಲಿನಾ, ಬೇಯಿಸಿದ ಬಟಾಣಿ, ವಾರಕ್ಕೊಮ್ಮೆ ಕಡಲೆಕಾಳಿನಷ್ಟು ಸೀಗಡಿ. ರಸ್ತೆ ಬದಿಯ ಕಾಡುಬಾದಾಮಿ ಮರದ ಉದುರಿದ ಕಂದು ಎಲೆ ತೊಳೆದು ಹಾಕಿದರೆ ರೆಡ್ ಕ್ಲಾ ಇಷ್ಟಪಟ್ಟು ತಿನ್ನುತ್ತದೆ. ಉಳಿದದ್ದನ್ನು ಅರ್ಧ ದಿನದೊಳಗೆ ತೆಗೆಯಿರಿ. ಗ್ರಂಥಿಗೆ ಅಂಗಡಿಯಲ್ಲಿ ಸಮುದ್ರನೊರೆ ಎಂದು ಕೇಳಿದರೆ ಕೊಡುವ ಬಿಳಿ ತುಂಡು, ಹಕ್ಕಿ ಪಂಜರಕ್ಕೆ ಕಟ್ಟುವುದೂ ಅದನ್ನೇ, ಬರೀ ಕ್ಯಾಲ್ಸಿಯಂ ಕಾರ್ಬೊನೇಟ್. ಮೂಲೆಯಲ್ಲಿ ಒಂದು ತುಂಡು ಇಟ್ಟಿರಿ.

ಏಡಿ ಒಂದು ವಾರ ಊಟ ಬಿಟ್ಟು ಅಡಗಿದರೆ ಗಾಬರಿ ಬೇಡ, ಚಿಪ್ಪು ಕಳಚುವ ತಯಾರಿ ಇರಬಹುದು. ಒಂದು ಬೆಳಗ್ಗೆ ಟ್ಯಾಂಕಿನಲ್ಲಿ ಸತ್ತ ಏಡಿ ಬಿದ್ದಿದೆ ಅನ್ನಿಸುತ್ತದೆ. ಎಸೆಯುವ ಮುಂಚೆ ನೋಡಿ: ಕಳಚಿದ ಚಿಪ್ಪು ಈರುಳ್ಳಿ ಸಿಪ್ಪೆಯಂತೆ ಹಗುರ, ಬೆನ್ನಿನ ಹಿಂದಿನ ಅಂಚು ಪೆಟ್ಟಿಗೆಯ ಮುಚ್ಚಳದಂತೆ ತೆರೆದಿರುತ್ತದೆ, ಕಣ್ಣಿನ ಜಾಗ ಟೊಳ್ಳು, ವಾಸನೆ ಇಲ್ಲ. ಅದನ್ನು ಅಲ್ಲೇ ಬಿಡಿ, ಏಡಿ ಅದನ್ನೇ ತಿಂದು ಕ್ಯಾಲ್ಸಿಯಂ ವಾಪಸ್ ಪಡೆಯುತ್ತದೆ. ಮೆತ್ತಗಿನ ಮೈಯ ಏಡಿಯನ್ನು ಮಿಕ್ಕವು ಹರಿದು ತಿನ್ನುತ್ತವೆ, ಆದ್ದರಿಂದ ಅಡಗುವ ಜಾಗ ಏಡಿಗಳ ಎಣಿಕೆಗಿಂತ ಒಂದಾದರೂ ಹೆಚ್ಚಿರಲಿ. ತೆಂಗಿನ ಚಿಪ್ಪಿನ ಹೋಳು, ಎರಡು ಇಂಚಿನ ಪಿವಿಸಿ ಪೈಪ್ ತುಂಡು ಸಾಕು.

ಏಡಿ ಆರಿಸುವುದು

ಅಂಗಡಿಗಳಲ್ಲಿ ಗಂಡೇ ಜಾಸ್ತಿ, ಇಕ್ಕಳ ಚಂದ ಕಾಣುತ್ತದೆ ಎಂದು. ಎರಡಡಿ ಟ್ಯಾಂಕಿನಲ್ಲಿ ಮೂರು ಗಂಡು ಬಿಟ್ಟರೆ ಕಾಲು ಮುರಿದುಕೊಳ್ಳುತ್ತವೆ. "ಅಣ್ಣಾ, ಒಂದು ಗಂಡು ಎರಡು ಹೆಣ್ಣು ಕೊಡಿ, ಹೊಟ್ಟೆ ತಿರುಗಿಸಿ ತೋರಿಸಿ" ಎಂದು ಕೇಳಿ. ಹೊಟ್ಟೆಯ ಕೆಳಗೆ ಮಡಚಿದ ಪಟ್ಟಿ ಗಂಡಿಗೆ ಕಿರಿದು, ಚೂಪು. ಹೆಣ್ಣಿಗೆ ಅಗಲ, ದುಂಡು. ನಡೆಯುವ ಕಾಲು ಎಂಟು, ಇಕ್ಕಳ ಎರಡು ಇವೆಯೇ ಎಣಿಸಿ. ಒಂದು ಕಾಲು ಇಲ್ಲದಿದ್ದರೆ ಚಿಪ್ಪು ಕಳಚಿದಾಗ ಮರಳಿ ಬೆಳೆಯುತ್ತದೆ, ಪರವಾಗಿಲ್ಲ. ಮೂರು ನಾಲ್ಕು ಹೋಗಿದ್ದರೆ ಬೇಡ. ಕೈ ಹತ್ತಿರ ತಂದಾಗ ಇಕ್ಕಳ ಎತ್ತಬೇಕು ಅಥವಾ ಓಡಬೇಕು. ಸುಮ್ಮನೆ ಕೂತಿರುವುದು ದಣಿದ ಏಡಿ. ನೀರು ತುಂಬಿದ ಕವರು ಬೇಡ ಎನ್ನಿ, ಇಕ್ಕಳ ತಾಗಿ ತೂತಾಗುವುದೂ ಉಂಟು, ದಾರಿಯಲ್ಲಿ ಆಮ್ಲಜನಕ ಮುಗಿಯುವುದೂ ಉಂಟು. ಮುಚ್ಚಳಕ್ಕೆ ತೂತು ಮಾಡಿದ ಪ್ಲಾಸ್ಟಿಕ್ ಡಬ್ಬ, ಒಳಗೆ ಒದ್ದೆ ಸ್ಪಾಂಜ್, ಒಂದಕ್ಕೆ ಒಂದು ಡಬ್ಬ. ಇಷ್ಟಿದ್ದರೆ ಬಸ್ಸಿನಲ್ಲಿ ಒಂದು ಗಂಟೆ ಕೂತು ಬಂದರೂ ಏನೂ ಆಗುವುದಿಲ್ಲ.

ಸಿಹಿನೀರಿನಲ್ಲಿ ಇದ್ದ ಏಡಿಯಾದರೆ ನೇರ 15 ಪಿಪಿಟಿಗೆ ಹಾಕದೆ, ಒಂದು ಮುಚ್ಚಳದ ಟಬ್ಬಿನಲ್ಲಿ 5 ಪಿಪಿಟಿ ನೀರು ಎರಡು ಬೆರಳಷ್ಟು, ಹತ್ತಿ ಕೂರಲು ಒಂದು ಕಲ್ಲು ಇಟ್ಟು, ದಿನಕ್ಕೆ 2-3 ಪಿಪಿಟಿಯಂತೆ ಏರಿಸಿ. ನೀರನ್ನು ದಿನಾ ಪೂರ್ತಿ ಬದಲಿಸಿ, ಆ ಟಬ್ಬಿನಲ್ಲಿ ಫಿಲ್ಟರ್ ಇರುವುದಿಲ್ಲ. ಐದನೇ ದಿನ ಟ್ಯಾಂಕಿಗೆ ಬಿಡುವಾಗ ನೀರಿಗೆ ಹಾಕಬೇಡಿ, ಮರಳಿನ ಮೇಲೆ ಡಬ್ಬ ವಾಲಿಸಿ ಇಡಿ. ಅದೇ ಹೊರಗೆ ಬರುತ್ತದೆ, ಅದೇ ನೀರಿಗೆ ಇಳಿಯುತ್ತದೆ. ಮೊದಲ ರಾತ್ರಿ ಲೈಟ್ ಹಾಕಬೇಡಿ, ಊಟ ಮಾರನೇ ಸಂಜೆಗೆ ಕೊಡಿ. ಮಲಗುವ ಮುಂಚೆ ವೈರಿನ ಮೂಲೆಯ ಸ್ಪಾಂಜ್ ಬಿಗಿಯಾಗಿದೆಯೇ ಎಂದು ಒಮ್ಮೆ ಬೆರಳಿನಿಂದ ಒತ್ತಿ ನೋಡಿ.